ನೂರು ಚದರ ಸೆಂಟಿಮೀಟರು

ಸಾಫಿ ಬಂದರಿನಲ್ಲಿ ಭೂತಾಯಿ ಮೀನು ಇಳಿದ ರಾತ್ರಿ
ಊರಿಗೆ ಊರೇ ಎಣ್ಣೆಯ ವಾಸನೆ.
ಬೆಳಗಿನ ನಾಲ್ಕಕ್ಕೆ, ಮೇಜುಗಳನ್ನೆಲ್ಲ ತೊಳೆದಾದ ಮೇಲೆ,
ತೂರಿಯಾ ಬರುತ್ತಾಳೆ, ಬಿಳಿ ಬೂಟು, ಕಿವಿ ಮುಚ್ಚುವ ಟೋಪಿ,
ಕೈಯಲ್ಲೊಂದು ತಗಡಿನ ಚೌಕಟ್ಟು:
ಉದ್ದ ಹತ್ತು, ಅಗಲ ಹತ್ತು, ನಡುವೆ ಏನೂ ಇಲ್ಲ.

ಆ ಏನೂ ಇಲ್ಲದ್ದನ್ನು ಏಳನೇ ಮೇಜಿನ ಮೂಲೆಯಲ್ಲಿಟ್ಟು
ಒದ್ದೆ ಹತ್ತಿಕಡ್ಡಿಯಿಂದ ಉಜ್ಜುತ್ತಾಳೆ
ಅಡ್ಡಕ್ಕೆ, ಉದ್ದಕ್ಕೆ, ಓರೆಗೆ,
ಮಗುವಿನ ಕಿವಿ ಒರೆಸುವ ಹಾಗೆ.
ಕನ್ನಡಿಯಂಥ ಉಕ್ಕು. ಅದರಲ್ಲಿ ಅವಳ ಮೂಗು ಕಾಣುತ್ತದೆ.
"ನೆಕ್ಕಿದರೂ ಸೈ" ಎನ್ನುತ್ತಾಳೆ ಮ್ಬಾರ್ಕಾ,
ಹತ್ತೊಂಬತ್ತು ವರ್ಷದಿಂದ ಈ ಸಾಲು ತೊಳೆಯುವವಳು,
ಕ್ಲೋರಿನ್ನಿಗೆ ಬೆರಳಿನ ಗೆರೆ ಕೊಟ್ಟವಳು.
ಹಾಜರಿ ಯಂತ್ರ ಅವಳ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ.

ಹತ್ತು ಮಿಲಿ ನೀರಿನಲ್ಲಿ ಕಡ್ಡಿ ಕುಲುಕಬೇಕು.
ಅದರದೊಂದು ಪಾಲಿಗೆ ಒಂಬತ್ತು ಪಾಲು ಹೊಸ ನೀರು.
ತೆಳುವಾದದ್ದರಲ್ಲಿ ಒಂದೇ ಮಿಲಿ ತಟ್ಟೆಗೆ,
ಮೇಲೆ ಅಗರ್, ಕೈ ತಾಳುವಷ್ಟು ಬಿಸಿ.

ಅಗರ್ ಎಂದರೆ ಕೆಂಪು ಪಾಚಿಯ ಗಂಜಿ.
ಎಲ್ ಜದೀದಾ ಕಡೆ ಅವಳ ತಮ್ಮ ಬೂಶೈಬ್
ಬೇಸಿಗೆ ಪೂರ್ತಿ ಉಸಿರು ಕಟ್ಟಿ ಮುಳುಗಿ
ಬಂಡೆಯಿಂದ ಅದನ್ನು ಕಿತ್ತು ಚೀಲ ತುಂಬುತ್ತಾನೆ.
ಚೀಲ ಎಲ್ಲಿಗೋ ಹೋಗಿ ಪುಡಿಯಾಗಿ
ಡಬ್ಬಿಯಲ್ಲಿ ವಾಪಸು ಬರುತ್ತದೆ, ಬೆಲೆ ಕೇಳಬೇಡಿ.
ತಮ್ಮನ ಉಸಿರನ್ನು ಕುದಿಸಿ, ಸುರಿದು,
ಮುಚ್ಚಳ ಹಾಕಿ, ತಲೆಕೆಳಗು ಮಾಡಿ
ಎರಡು ದಿನ ಬೆಚ್ಚಗೆ ಮಲಗಿಸುತ್ತಾಳೆ.

ಮೂರನೇ ಬೆಳಿಗ್ಗೆ ಚುಕ್ಕಿಗಳು,
ಗಸಗಸೆಯಷ್ಟು, ಸಾಸಿವೆಯಷ್ಟು,
ಒಂದು ಹಳದಿ, ಒಂದು ಹಾಲುಬಿಳಿ, ಒಂದರ ಅಂಚು ಹರಿದಿದೆ.
ತಟ್ಟೆಯ ಬೆನ್ನಿಗೆ ಪೆನ್ನಿನಿಂದ ಗುರುತು ಹಾಕುತ್ತ ಎಣಿಕೆ.
ಒಂದು ಚುಕ್ಕಿಗೆ ಒಂದು ಜೀವ ಮೂಲವೆಂದು ನಂಬಿಕೆ ಅಷ್ಟೆ;
ಹತ್ತು ಒಟ್ಟಿಗೆ ಕೂತಿದ್ದರೂ ಒಂದೇ ಚುಕ್ಕಿ.
ಈ ಗಂಜಿ ಸೇರದವು, ಈ ಬಿಸಿ ಒಗ್ಗದವು
ಲೆಕ್ಕಕ್ಕೇ ಬರುವುದಿಲ್ಲ. ಅವೂ ಇವೆ.

ಎಂಬತ್ತನಾಲ್ಕು.

ಆ ಸಂಖ್ಯೆಗೆ ಲಕ್ಷ ಸೇರಿಸಿ ಜೀವರಾಶಿ ಎಂದವರು ನಾವು;
ಅವಳಿಗದು ಬರೀ ಎಂಬತ್ತನಾಲ್ಕು, ಪೆನ್ಸಿಲಿನಲ್ಲಿ.
ತೆಳು ಮಾಡಿದ್ದಕ್ಕೆ ಹತ್ತರಿಂದ ಗುಣಿಸು: ಎಂಟುನೂರ ನಲವತ್ತು.
ಕುಲುಕಿದ ನೀರು ಹತ್ತು ಮಿಲಿ, ಮತ್ತೆ ಗುಣಿಸು: ಎಂಟು ಸಾವಿರದ ನಾನೂರು.
ಉಜ್ಜಿದ ಜಾಗ ನೂರು ಚದರ, ಭಾಗಿಸು:
ಎಂಬತ್ತನಾಲ್ಕು.
ಊರೆಲ್ಲ ಸುತ್ತಿ ಹೊರಟಲ್ಲಿಗೇ ಬಂದ ಕತ್ತೆಯ ಹಾಗೆ
ಅದೇ ಸಂಖ್ಯೆ ಬಾಗಿಲಲ್ಲಿ ನಿಂತಿದೆ.
ಗೋಡೆಯ ಚೀಟಿಯಲ್ಲಿ ಈ ಕಾರ್ಖಾನೆಯ ಮಿತಿ: ಹತ್ತು.

ಸಿ ಲರ್ಬಿ ಬರುತ್ತಾರೆ, ಚಹಾದ ಲೋಟ ಹಿಡಿದು.
ದನಿ ಎತ್ತುವವರಲ್ಲ, ಪುಣ್ಯಾತ್ಮರು.
"ಮೇಜು ಎಷ್ಟು ದೊಡ್ಡದು, ಮಗಳೇ?"
ಎರಡು ಚದರ ಮೀಟರು. ಇಪ್ಪತ್ತು ಸಾವಿರ ಸೆಂಟಿಮೀಟರು.
"ಮತ್ತೆ? ಅದರಿಂದ ಭಾಗಿಸು.
ಇಲ್ಲವೆಂದರೆ ಸಾಲು ನಿಲ್ಲುತ್ತದೆ, ಮ್ಬಾರ್ಕಾ ಮನೆಗೆ ಹೋಗುತ್ತಾಳೆ."

ಬೆರಳು ತಾನಾಗಿಯೇ ಒತ್ತಿತು. ಅರ್ಧಕ್ಕೂ ಕಡಿಮೆ.
ಒಂದು ಚುಕ್ಕಿಯೂ ಸಾಯಲಿಲ್ಲ, ಮೇಜು ಮಾತ್ರ ಚೊಕ್ಕವಾಯಿತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ;
ಕಾಲಿಗೆ ತಕ್ಕ ಹಾಸಿಗೆ ಹೊಲಿಯುವುದು ಇಷ್ಟು ಸುಲಭ.
ಮತ್ತು ಈ ಸುಳ್ಳಿಗೆ ಕರುಣೆಯ ಮುಖ.

ಅವಳು ದೀಪ ತೆಗೆದುಕೊಂಡು ಏಳನೇ ಮೇಜಿಗೆ ಹೋದಳು.
ಮೂಲೆಯ ಬೆಸುಗೆಯ ಮೇಲೆ ಉಗುರು ಆಡಿಸಿದಳು,
ಒಂದು ಕಡೆ ಉಗುರು ತಡೆಯಿತು.
ಕೂದಲೆಳೆಯ ಬಿರುಕು. ಯಾವ ಬ್ರಷ್ಷಿನ ಎಳೆಯೂ ಇಳಿಯದು,
ಗೆರೆ ಅಳಿಸಿದ ಬೆರಳಿಗಂತೂ ತಿಳಿಯದು.

ಎಂಬತ್ತನಾಲ್ಕು ಎಂದೇ ಬರೆದಳು, ಶಾಯಿಯಲ್ಲಿ.
ಷರಾ ಎಂಬ ಕಾಲಮ್ಮು ಹೆಬ್ಬೆಟ್ಟಿನಷ್ಟಗಲ.
ಅದರೊಳಗೆ, ಒಂದಕ್ಕೊಂದು ಅಂಟಿಕೊಂಡ ಪುಟ್ಟ ಅಕ್ಷರಗಳಲ್ಲಿ:
ಬೆಸುಗೆ ಬಿಟ್ಟಿದೆ. ತೊಳೆದವಳ ತಪ್ಪಲ್ಲ.
ಯಾರು ಓದುತ್ತಾರೋ.

ಹೊರಗೆ ಮ್ಬಾರ್ಕಾ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಾಳೆ,
ಮೂರನೇ ಸಲ.